ಇನ್ನೂ ಟೈಮೈತೆ ಕಣೋ

ಅಕ್ಕನ ಮಗ ಲಂಡನ್ನಿನಿಂದ ಒಂದು ವಿಡಿಯೊ ಕಳಿಸಿದ್ದ. ಕತ್ತಲೆ ಥಿಯೇಟರು. ಪರದೆ ಮೇಲೆ ಯಾವುದೋ ಇಂಗ್ಲಿಷ್ ಸಿನಿಮಾ. ಯಾರೋ ಸೋಫಾ ಮೇಲೆ ಕೂತು ಮಾತಾಡುತ್ತಿದ್ದಾರೆ. ಇದ್ದಕ್ಕಿದ್ದ ಹಾಗೆ ಇಡೀ ಹಾಲು 'ಸ್ಪೂನ್' ಅಂತ ಕಿರುಚುತ್ತದೆ. ಹಿಂದೆಯೇ ಪ್ಲಾಸ್ಟಿಕ್ ಚಮಚಗಳು ಮಿಡತೆ ಹಿಂಡಿನ ಹಾಗೆ ಪರದೆ ಕಡೆ ಹಾರುತ್ತವೆ. ಕೊನೆಯಲ್ಲಿ ಅವನ ನಗು, 'ಚಿಕ್ಕಮ್ಮಾ, ನೋಡು ಇಲ್ಲಿನ ಜನ ಎಂಥ ಹುಚ್ಚರು.'

ಅಮ್ಮ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ನೋಡಿದಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

'ಅವನ್ನೆಲ್ಲ ಆಮೇಲೆ ಯಾರು ಗುಡಿಸ್ತಾರಂತೆ?'

ನಾನು ಮಾತ್ರ ಆ ವಿಡಿಯೊದ ಬೆನ್ನು ಹತ್ತಿದೆ. ಆ ಸಿನಿಮಾ 'ದಿ ರೂಮ್'. 2003ರದ್ದು. ಟಾಮಿ ವೈಸೊ ಅನ್ನುವವನು ತಾನೇ ಬರೆದು, ತಾನೇ ನಿರ್ದೇಶಿಸಿ, ತಾನೇ ಹೀರೋ ಆಗಿದ್ದಾನೆ. ಲಾಸ್ ಏಂಜಲೀಸ್‌ನಲ್ಲಿ ಎರಡು ವಾರಕ್ಕೇ ಎತ್ತಂಗಡಿ ಆಯಿತು. ಅಷ್ಟು ಕೆಟ್ಟದಾಗಿತ್ತು. ಆದರೆ ಕೆಲವರಿಗೆ ಆ ಕೆಟ್ಟತನವೇ ರುಚಿಸಿಬಿಟ್ಟಿತು. ಹೀರೋ ಮನೆಯಲ್ಲಿ ಚಮಚದ ಒಂದು ಫೋಟೊಗೆ ಕಟ್ಟು ಹಾಕಿಸಿ ಇಟ್ಟಿದ್ದಾರೆ. ಯಾಕೆ ಅಂತ ಸಿನಿಮಾ ಹೇಳುವುದಿಲ್ಲ. ಆ ಫೋಟೊ ಕಂಡಾಗಲೆಲ್ಲ ಜನ ಚಮಚ ಎಸೆಯುತ್ತಾರೆ. ಅಷ್ಟೇ ವಿಷಯ.

ಇದಕ್ಕಿಂತ ಹಳೆಯದು 'ದಿ ರಾಕಿ ಹಾರರ್ ಪಿಕ್ಚರ್ ಶೋ'. 1975ರಲ್ಲಿ ಬಂದು ಮಕಾಡೆ ಮಲಗಿತು. ಮರುವರ್ಷ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ವೇವರ್ಲಿ ಅನ್ನುವ ಥಿಯೇಟರಿನಲ್ಲಿ ಮಧ್ಯರಾತ್ರಿ ಶೋ ಹಾಕತೊಡಗಿದರು. ಬಂದವರೇ ಮತ್ತೆ ಮತ್ತೆ ಬಂದರು. ಕೆಲವೇ ತಿಂಗಳಲ್ಲಿ ಪರದೆಗೆ ಎದುರು ಮಾತು ಶುರುವಾಯಿತು. ಪಾತ್ರ ಒಂದು ಮಾತಾಡಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಹಾಲಿನಿಂದ ಒಂದು ಉತ್ತರ. ಪರದೆಯಲ್ಲಿ ಮಳೆ ಬಂದರೆ ಇವರ ತಲೆ ಮೇಲೆ ನ್ಯೂಸ್ ಪೇಪರು. ಅದೇ ವೇಷ ಹಾಕಿ, ಪರದೆಯ ಮುಂದೆಯೇ ನಿಂತು ಇಡೀ ಸಿನಿಮಾ ಆಡುವ ಗುಂಪುಗಳೂ ಹುಟ್ಟಿದವು. ಮದುವೆ ದೃಶ್ಯ ಬಂದರೆ ಅಕ್ಕಿ ಎರಚುತ್ತಾರಂತೆ ಅಂತ ಅಮ್ಮನಿಗೆ ಓದಿ ಹೇಳಿದೆ.

'ಮದುವೆಗೆ ಅಕ್ಕಿಕಾಳು ಹಾಕದೆ ಇನ್ನೇನು ಹಾಕ್ತಾರೆ' ಅಂದಳು.

ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ನನಗೂ ಅಷ್ಟೇ. ನಾವು ದುರ್ಗದವರು, ಅಂದರೆ ಚಿತ್ರದುರ್ಗದವರು. ಈಗ ನಾನು ದಾವಣಗೆರೆಯಲ್ಲಿದ್ದೇನೆ, ಅದು ಬೇರೆ ಮಾತು.

ನಾನು ಚಿಕ್ಕವಳಿದ್ದಾಗ ದುರ್ಗದಲ್ಲಿ ಸಿನಿಮಾ ನೋಡುವುದು ಅಂದರೆ ಅರ್ಧ ಪರದೆ ನೋಡುವುದು, ಅರ್ಧ ಗಾಂಧಿ ಕ್ಲಾಸು ಕೇಳುವುದು. ಮುಂದಿನ ಸಾಲುಗಳಿಗೆ ಆ ಹೆಸರು. ಟಿಕೆಟ್ ಎಲ್ಲಕ್ಕಿಂತ ಕಮ್ಮಿ, ಗಲಾಟೆ ಎಲ್ಲಕ್ಕಿಂತ ಜಾಸ್ತಿ. ನಾವು ಹಿಂದೆ ಹೆಂಗಸರ ಕಡೆ ಕೂರುತ್ತಿದ್ದೆವು. ಅಲ್ಲಿಂದ ಗಾಂಧಿ ಕ್ಲಾಸಿನ ತಲೆಗಳು ಕಪ್ಪು ಬೇಲಿಯ ಹಾಗೆ ಕಾಣುತ್ತಿದ್ದವು. ಹೀರೋ ಬಂದರೆ ಆ ಬೇಲಿ ಎದ್ದು ನಿಲ್ಲುತ್ತಿತ್ತು. ಪೇಪರ್ ಚೂರು ಹಾರುತ್ತಿತ್ತು. ಹಾಡು ಚೆನ್ನಾಗಿದ್ದರೆ ಚಿಲ್ಲರೆ ಕಾಸು. ಬೆಳ್ಳಗೆ ಹೊಳೆಯುತ್ತಾ ಹೋಗಿ ಪರದೆಗೆ ತಾಗಿ ಟಿಣ್ ಅಂತ ಕೆಳಗೆ ಬೀಳುತ್ತಿದ್ದವು. ಕಸ ಗುಡಿಸುವ ಒಬ್ಬ ಅಜ್ಜಿ ಇದ್ದಳು. ಪೇಪರ್ ಎರಚಿದವರ ವಂಶವನ್ನೆಲ್ಲ ಬೈಯುತ್ತಾ ಗುಡಿಸುತ್ತಿದ್ದಳು. ಆದರೆ ಕಾಸು ಎಸೆಯುವ ಸಿನಿಮಾ ಬಂದರೆ ಬೈಗುಳ ಇರುತ್ತಿರಲಿಲ್ಲ. ಆ ಕಾಸು ಅವಳದ್ದು. ಯಾವ ಸಿನಿಮಾ ಓಡುತ್ತದೆ, ಯಾವುದು ಓಡಲ್ಲ ಅಂತ ಮ್ಯಾನೇಜರಿಗಿಂತ ಅವಳಿಗೇ ಮೊದಲು ಗೊತ್ತಾಗುತ್ತಿತ್ತು ಅಂತ ನನ್ನ ಗುಮಾನಿ.

ಇನ್ನೊಂದು ಥರದ ಕೂಗು ಇತ್ತು. ಅದರಲ್ಲಿ ಭಕ್ತಿ ಗಿಕ್ತಿ ಏನಿಲ್ಲ. ಪ್ರೊಜೆಕ್ಟರಿನಲ್ಲಿ ಎರಡು ಕಾರ್ಬನ್ ಕಡ್ಡಿ ಉರಿದು ಬೆಳಕು ಬರುತ್ತಿದ್ದ ಕಾಲ ಅದು. ಕಡ್ಡಿ ಸವೆದು ನಡುವಿನ ಅಂತರ ಹೆಚ್ಚಾದರೆ ಪರದೆ ಮಂಕಾಗುತ್ತಿತ್ತು. ಆಪರೇಟರು ಕೈಯಾಡಿಸಿ ಸರಿ ಮಾಡಬೇಕು. ಅವನು ಬೀಡಿ ಸೇದಲು ಹೋಗಿದ್ದರೆ ಮುಗಿಯಿತು. ಹೀರೋಯಿನ್ ಮುಖ ಕಪ್ಪಿಟ್ಟು, ಇಡೀ ಹಾಲು ಹಿಂದೆ ತಿರುಗಿ ಆ ಸಣ್ಣ ಕಿಂಡಿಯ ಕಡೆ ಕೂಗುತ್ತಿತ್ತು. ನನ್ನಮ್ಮ ಕೂಡ ಕೂಗುತ್ತಿದ್ದಳು. ಹೆಂಗಸರು ಗಟ್ಟಿಯಾಗಿ ಕೂಗಿದರೆ ಯಾರೂ ಏನೂ ಅಂದುಕೊಳ್ಳದ ಕೂಗು ಅದೊಂದೇ. ದುಡ್ಡು ಕೊಟ್ಟಿದ್ದೀವಿ, ಕಾಣಬೇಕು ಅಷ್ಟೇ.

ಇದೆಲ್ಲ ಸಿನಿಮಾದಿಂದ ಶುರುವಾದದ್ದೂ ಅಲ್ಲ. ದಾವಣಗೆರೆ ಕಂಪನಿ ನಾಟಕಗಳ ಊರು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದೇ. ಕಂಪನಿ ನಾಟಕದಲ್ಲಿ ಜನ 'ಒನ್ಸ್ ಮೋರ್' ಅಂದರೆ ಹಾಡು ಮತ್ತೆ ಹಾಡಲೇಬೇಕು. ಸತ್ತು ಬಿದ್ದ ರಾಜ ಎದ್ದು ಕೂತು, ಹಾಡನ್ನು ಇನ್ನೊಂದು ಸಲ ಹಾಡಿ, ಮತ್ತೆ ಸಾಯುತ್ತಿದ್ದ ಅನ್ನುವ ಕಥೆಯನ್ನು ಈ ಕಡೆ ಹೇಳದ ಅಜ್ಜಂದಿರಿಲ್ಲ. ಬಯಲಾಟದಲ್ಲಂತೂ ಭೀಮ ದುರ್ಯೋಧನರು ಗದೆ ಎತ್ತಿ ನಿಂತಿರುವಾಗಲೇ ಆಟ ನಿಲ್ಲಿಸಿ, ಭೀಮನ ಎದೆಗೆ ಹತ್ತು ರೂಪಾಯಿ ನೋಟು ಪಿನ್ನು ಚುಚ್ಚಿ, ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ದುರ್ಯೋಧನ ಪಕ್ಕದಲ್ಲಿ ತಾಳ್ಮೆಯಿಂದ ಕಾಯುತ್ತಾನೆ. ತೇರಿಗೆ ನಾವು ಬಾಳೆಹಣ್ಣು ಎಸೆಯುತ್ತೇವೆ. ಈಚೆಗೆ ಹಣ್ಣಿನ ಮೇಲೆ ಪೆನ್ನಿನಲ್ಲಿ ಹೀರೋ ಹೆಸರು ಬರೆದು ಎಸೆಯುವವರೂ ಇದ್ದಾರೆ. ಇಂಥ ಊರಿನವರಿಗೆ ಚಮಚ ಯಾವ ಲೆಕ್ಕ?

ಆದರೆ ಒಂದು ವ್ಯತ್ಯಾಸ ಇದೆ. ತುಂಬಾ ದಿನ ಅದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ನಾಟಕದ ರಾಜನಿಗೆ ನಮ್ಮ ಕೂಗು ಕೇಳಿಸುತ್ತದೆ, ಅದಕ್ಕೇ ಎದ್ದು ಕೂರುತ್ತಾನೆ. ಸಿನಿಮಾದ ರಾಜನಿಗೆ ಕೇಳಿಸುವುದಿಲ್ಲ. ಎಷ್ಟು ಬೊಬ್ಬೆ ಹೊಡೆದರೂ ಅವನು ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಅದೇ ಥರ ಸಾಯುತ್ತಾನೆ. ಕೇಳಿಸದವನ ಹತ್ತಿರ ಯಾಕೆ ಕೂಗಬೇಕು?

ಕೇಳಿಸದೇ ಇರುವುದರಿಂದಲೇ ಅಂತ ಈಗ ನನಗೆ ಅನ್ನಿಸುತ್ತದೆ. ಪರದೆ ಮೇಲಿನದು ಒಂದಿಷ್ಟೂ ಬದಲಾಗುವುದಿಲ್ಲ. ಮಾತು ಮಾತಿನ ನಡುವಿನ ಸಂದು ಕೂಡ ಅಷ್ಟಕ್ಕಷ್ಟೇ. ಹತ್ತು ಸಲ ನೋಡಿದವನಿಗೆ ಆ ಸಂದು ಎಲ್ಲಿದೆ, ಎಷ್ಟು ಅಗಲ ಇದೆ ಅಂತ ಗೊತ್ತು. ಮನೆಯ ಮೆಟ್ಟಿಲನ್ನು ಕತ್ತಲಲ್ಲಿ ಹತ್ತುತ್ತೇವಲ್ಲ, ಹಾಗೆ. ಭಜನೆಯಲ್ಲಿ ಮುಂದಾಳು ಒಂದು ಸಾಲು ಬಿಟ್ಟರೆ ಉಳಿದವರು ಎತ್ತಿಕೊಳ್ಳುತ್ತಾರೆ. ಜಾತ್ರೆಯಲ್ಲಿ ಯಾರೋ ಒಬ್ಬ 'ನಮಃ ಪಾರ್ವತೀಪತೇ' ಅಂದರೆ ಸಾಕು, ಉಳಿದರ್ಧ ನಮ್ಮ ಬಾಯಿಂದ ತಾನೇ ಬರುತ್ತದೆ. ಪರದೆ ಒಳ್ಳೇ ಮುಂದಾಳು. ಅದಕ್ಕೆ ಗಂಟಲು ಕಟ್ಟುವುದಿಲ್ಲ, ತಾಳ ತಪ್ಪುವುದಿಲ್ಲ.

ಹಾಗಾಗಿ ಮೊದಲ ದಿನದ ಮೊದಲ ಶೋ ಗಲಾಟೆಗೂ ಇದಕ್ಕೂ ಸಂಬಂಧ ಇಲ್ಲ. ಅಲ್ಲಿ ಯಾರಿಗೂ ಸಿನಿಮಾ ಗೊತ್ತಿರುವುದಿಲ್ಲ. ಹಿಂದಿನ ರಾತ್ರಿಯೇ ಸ್ಟಾರ್ ಕಟ್ಟಿ, ಕಟೌಟಿಗೆ ಹಾಲು ಸುರಿದು, ಕುಂಬಳಕಾಯಿ ಒಡೆದು ಒಳಗೆ ಬಂದಿರುತ್ತಾರೆ. ಅದು ಹೀರೋಗೆ ಮಾಡುವ ಮೆರವಣಿಗೆ. ಸಿನಿಮಾ ಬರೀ ನೆಪ. ನಾನು ಹೇಳುತ್ತಿರುವುದು ಬಾಯಿಪಾಠ ಆದ ಸಿನಿಮಾದ ಮಾತು. 1995ರ 'ಓಂ' ಅಂಥದ್ದು. ಐನೂರಕ್ಕೂ ಹೆಚ್ಚು ಸಲ ಮರುಬಿಡುಗಡೆ ಆಗಿದೆ ಅನ್ನುತ್ತಾರೆ. ದಾವಣಗೆರೆಯಲ್ಲಿ ಕಾಲೇಜು ಜಾಸ್ತಿ, ಹಾಸ್ಟೆಲ್ಲು ಜಾಸ್ತಿ. ಆ ಹುಡುಗರು ಪ್ರತಿ ಸಲವೂ ಹೋಗುತ್ತಿದ್ದರು. ಮುಂದೇನಾಗುತ್ತದೆ ಅಂತ ನೋಡಲಿಕ್ಕಲ್ಲ. ಮುಂದಿನದು ತಮಗೆ ಗೊತ್ತು ಅಂತ ತೋರಿಸಲಿಕ್ಕೆ.

ನಮ್ಮ ಮನೆಯಲ್ಲಿ ಬಾಯಿಪಾಠ ಆಗಿದ್ದದ್ದು 'ನಾಗರಹಾವು'.

ದುರ್ಗದವರಿಗೆ ಅದು ಸಿನಿಮಾ ಅಲ್ಲ, ಆಸ್ತಿ ಪತ್ರ. ಕಾದಂಬರಿ ತರಾಸು ಅವರದು, ಬೆಟ್ಟ ನಮ್ಮದು, ಕಥೆ ನಡೆಯುವ ಬೀದಿಗಳೂ ನಮ್ಮವು. 1972ರಲ್ಲಿ ಪುಟ್ಟಣ್ಣ ಕಣಗಾಲ್ ಬಂದು ಕೋಟೆಯಲ್ಲಿ ಶೂಟಿಂಗ್ ಮಾಡಿದರು. ಸಂಪತ್ ಕುಮಾರ್ ಅನ್ನುವ ಹುಡುಗನಿಗೆ ವಿಷ್ಣುವರ್ಧನ್ ಅಂತ ಹೆಸರಿಟ್ಟು ರಾಮಾಚಾರಿ ಮಾಡಿದರು. ಸಿನಿಮಾ ನೋಡಿದ ತರಾಸು, ನನ್ನ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂದರಂತೆ. ಆ ಮಾತನ್ನು ಈಗಲೂ ನಮ್ಮೂರಲ್ಲಿ ನಗುತ್ತಾ ಹೇಳುತ್ತಾರೆ. ಬರೆದವರೇ ಪರದೆಗೆ ಎದುರು ಮಾತಾಡಿದ್ದಾರೆ, ನಮ್ಮದೇನು ಹೆಚ್ಚು.

ಆಗ ಅಮ್ಮನಿಗೆ ಹದಿನೆಂಟು. ಶೂಟಿಂಗ್ ಕಣ್ಣಾರೆ ನೋಡಿದ್ದೀನಿ ಅನ್ನುತ್ತಾಳೆ. ಏನು ನೋಡಿದೆ ಅಂತ ಒತ್ತಿ ಕೇಳಿದರೆ, ಒಂದು ದೊಡ್ಡ ಕೊಡೆ, ಮತ್ತೆ ತುಂಬಾ ಜನರ ಬೆನ್ನು.

ಈ ಸಿನಿಮಾವನ್ನು ದುರ್ಗದಲ್ಲಿ ನೋಡುವುದಕ್ಕೆ ಬೇರೆಯದೇ ಒಂದು ಕ್ರಮ ಇದೆ. ಬೇರೆ ಊರಿನವರು ಡೈಲಾಗ್ ಕೂಗಿದರೆ ನಮ್ಮವರು ಜಾಗದ ಹೆಸರು ಕೂಗುತ್ತಾರೆ. ಹಿಂದೆ ಬಂಡೆ ಕಂಡರೆ ಅದು ಯಾವ ಬಂಡೆ ಅಂತ ಜಗಳ. ಏಕನಾಥಿ ಗುಡಿ ಹತ್ತಿರದ್ದು ಅಂತ ಒಬ್ಬ, ಅಲ್ಲ ಗೋಪಾಲಸ್ವಾಮಿ ಹೊಂಡದ ಹತ್ತಿರದ್ದು ಅಂತ ಇನ್ನೊಬ್ಬ. ಜಯಂತಿ ಓಬವ್ವನಾಗಿ ಒನಕೆ ಎತ್ತಿಕೊಂಡು ಕಿಂಡಿ ಪಕ್ಕ ನಿಂತರೆ ಮಾತ್ರ ಎಲ್ಲರೂ ಒಂದೇ. ಅಲ್ಲಿ ಜಗಳವಿಲ್ಲ. ನಮ್ಮಪ್ಪ ಪ್ರತಿ ಸಲವೂ ಒಂದು ಕಲ್ಲು ಬಂದಾಗ, 'ಅಲ್ಲೇ ಜಾರಿ ಬಿದ್ದು ಮಂಡಿ ಒಡ್ಕೊಂಡಿದ್ದೆ' ಅನ್ನುತ್ತಿದ್ದರು. ಟಿವಿಯಲ್ಲಿ ಬಂದಾಗಲೂ ಅನ್ನುತ್ತಿದ್ದರು. ಕೊನೆ ಕೊನೆಗೆ ಆ ಕಲ್ಲು ಬರುವ ಮೊದಲೇ ನಾನು ಅಕ್ಕ ಇಬ್ಬರೂ ಮಂಡಿ ಹಿಡಿದುಕೊಂಡು ತಯಾರಾಗಿ ಕೂರುತ್ತಿದ್ದೆವು.

ಇಷ್ಟು ಹೊತ್ತು ಚೆಂದದ್ದೇ ಹೇಳಿದೆ. ಇನ್ನೊಂದು ಕಡೆ ಇದೆ.

ಈ ಸಿನಿಮಾದಲ್ಲಿ ಅಂಬರೀಶ್ ಜಲೀಲ. ಅಲಮೇಲುವನ್ನು ದಾರಿಯಲ್ಲಿ ಅಡ್ಡಹಾಕಿ 'ಏ ಬುಲ್‌ಬುಲ್, ಮಾತಾಡಕ್ಕಿಲ್ವಾ' ಅನ್ನುತ್ತಾನೆ. ಕನ್ನಡ ಬಲ್ಲ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾನು ಪಿಯುಸಿಗೆ ಹೋಗುತ್ತಿದ್ದಾಗ ದಾರಿಯಲ್ಲಿ ಒಂದು ಕಟ್ಟೆ ಇತ್ತು. ಕಟ್ಟೆ ಮೇಲೆ ನಾಲ್ಕೈದು ಹುಡುಗರು. ಸಿನಿಮಾ ಬಂದು ಇಪ್ಪತ್ತು ವರ್ಷ ದಾಟಿತ್ತು. ಅವರು ಹುಟ್ಟುವ ಮೊದಲಿನ ಸಿನಿಮಾ ಅದು. ಆದರೂ ದಿನಾ ಅದೇ ಮಾತು. ಒಬ್ಬ 'ಏ ಬುಲ್‌ಬುಲ್' ಅನ್ನುತ್ತಿದ್ದ, ಉಳಿದದ್ದನ್ನು ಮಿಕ್ಕವರು ಸೇರಿ ಮುಗಿಸುತ್ತಿದ್ದರು. ಭಜನೆ ಥರವೇ. ನಾನು ಚಪ್ಪಲಿ ನೋಡುತ್ತಾ ನಡೆಯುತ್ತಿದ್ದೆ. ಆಮೇಲೆ ಒಂದಿಡೀ ವರ್ಷ ಸುತ್ತು ದಾರಿ ಹಿಡಿದೆ. ಮನೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಕಾಲೇಜು ಬಿಡಿಸುತ್ತಿದ್ದರೇನೋ.

ಹಾಗಾಗಿ ಟಿವಿಯಲ್ಲಿ ಆ ಮಾತು ಬಂದಾಗ ಎಲ್ಲರೂ ನಕ್ಕರೂ ನನಗೆ ನಗು ಬರುತ್ತಿರಲಿಲ್ಲ. ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ.

2018ರ ಜುಲೈನಲ್ಲಿ 'ನಾಗರಹಾವು' ಹೊಸ ಬಣ್ಣ, ಹೊಸ ಸೌಂಡಿನಲ್ಲಿ ಮತ್ತೆ ಬಂತು. ದೊಡ್ಡ ಪರದೆಗೆ ತಕ್ಕಂತೆ ಅಗಲ ಮಾಡಿದ್ದರು. ಅಪ್ಪ ಅಷ್ಟರಲ್ಲಿ ಇರಲಿಲ್ಲ. ಅಮ್ಮ ಫೋನ್ ಮಾಡಿ, ಭಾನುವಾರ ಬರ್ತೀಯಾ ಅಂದಳು. ದಾವಣಗೆರೆಯಿಂದ ದುರ್ಗಕ್ಕೆ ಬಸ್ಸಿನಲ್ಲಿ ಒಂದೂವರೆ ತಾಸು. ಹೋದೆ.

ಬಾಲ್ಕನಿಯಲ್ಲಿ ಕೂತೆವು. ಅರ್ಧಕ್ಕರ್ಧ ತಲೆ ನರೆತವರು, ಉಳಿದರ್ಧ ಮೀಸೆ ಚಿಗುರುತ್ತಿದ್ದ ಹುಡುಗರು. ವಿಷ್ಣುವರ್ಧನ್ ಕಂಡಾಗ ಬಿದ್ದ ಶಿಳ್ಳೆಗೆ ಕಿವಿ ಗುಂಯ್ ಅಂದಿತು. ಅವರು ಹೋಗಿ ಒಂಬತ್ತು ವರ್ಷ ಆಗುತ್ತಾ ಬಂದಿತ್ತು. ಪರದೆ ಮೇಲೆ ಇನ್ನೂ ಇಪ್ಪತ್ತೆರಡರ ಹುಡುಗ. 'ಬಾರೇ ಬಾರೇ' ಹಾಡಿಗೆ ಯಾರೂ ಕೂಗಲಿಲ್ಲ, ಎಲ್ಲರೂ ಹಾಡಿದರು. ಇಡೀ ಹಾಡು ನಿಧಾನಗತಿಯಲ್ಲಿದೆಯಲ್ಲ, ಜನರ ರಾಗವೂ ತಾನಾಗಿ ಎಳೆದುಕೊಂಡು ಹೋಯಿತು. ಕೆಲವರು ಫೋನ್ ಲೈಟು ಹಚ್ಚಿದರು. ಇನ್ನು ಕೆಲವರು ಪರದೆಗೆ ಬೆನ್ನು ಮಾಡಿ ತಮ್ಮದೇ ಮುಖದ ವಿಡಿಯೊ ಮಾಡಿಕೊಂಡರು. ಅವರ ಮೇಲೆ ನನಗೆ ಸ್ವಲ್ಪ ಸಿಟ್ಟು ಬಂತು. ಸಂದು ಹುಡುಕಿ ಕೂಗುವವನ ಕಣ್ಣು ಪರದೆ ಮೇಲಿರಬೇಕು, ತನ್ನ ಮೇಲಲ್ಲ. ವಯಸ್ಸಾದವರ ಗೊಣಗಾಟ ಅಂದುಕೊಳ್ಳಿ, ಪರವಾಗಿಲ್ಲ.

ಅಷ್ಟಕ್ಕೂ ನಾನು ಹೇಳಹೊರಟದ್ದು ಅಂಬರೀಶ್ ವಿಷಯ. ಅವರ ಮುಖ ಕಂಡದ್ದೇ ತಡ, ನಮ್ಮ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಗಂಟಲು ಹರಿಯುವ ಹಾಗೆ 'ಏ ಬುಲ್‌ಬುಲ್' ಅಂದುಬಿಟ್ಟ. ಒಬ್ಬನೇ. ಪರದೆಯಲ್ಲಿ ಆ ಮಾತಿನ ಸುಳಿವೇ ಇರಲಿಲ್ಲ.

ಅಮ್ಮ ಹಿಂದೆ ತಿರುಗಲೂ ಇಲ್ಲ. ಅಕ್ಕಿ ಆರಿಸುವಾಗ ಮಾತಾಡುವ ದನಿಯಲ್ಲಿ, ಆದರೆ ಹತ್ತು ಸಾಲಿಗೆ ಕೇಳಿಸುವ ಹಾಗೆ ಅಂದಳು.

'ಇನ್ನೂ ಟೈಮೈತೆ ಕಣೋ. ಅವಳು ಬರ್ಲಿ ಇರು.'

ಬಾಲ್ಕನಿ ಬಿದ್ದು ಬಿದ್ದು ನಕ್ಕಿತು. 'ಸಾರಿ ಅಜ್ಜಿ' ಅಂತ ಹಿಂದಿನಿಂದ ಒಂದು ದನಿ. ಆಮೇಲೆ ಎಲ್ಲರೂ ಕಾದರು. ನಿಜವಾಗಿಯೂ ಕಾದರು. ಅಮ್ಮನ ಒಂದು ಮಾತು ಇನ್ನೂರು ಜನರಿಗೆ ತಾಳ ಹಾಕಿಕೊಟ್ಟಿತ್ತು. ಅಲಮೇಲು ಬಂದಳು. ಜಲೀಲ ಬಂದ. ಹಾಲು ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಿತು. ಮಾತು ಬಂತು. ಕೂಗು ಒಂದು ಕೂದಲೆಳೆಯೂ ಆಚೀಚೆ ಆಗದೆ ಅದರ ಮೇಲೆಯೇ ಬಿತ್ತು.

ಆ ಕೂಗಿನಲ್ಲಿ ನನ್ನದೂ ಇತ್ತು.

ನನಗೇ ಗಾಬರಿ ಆಯಿತು. ಯಾವ ಮಾತಿಗೆ ಹೆದರಿ ವರ್ಷವಿಡೀ ಸುತ್ತು ದಾರಿಯಲ್ಲಿ ನಡೆದೆನೋ ಅದೇ ಮಾತು. ಹೊಟ್ಟೆಯಾಳದಿಂದ ಬಂದಿತ್ತು. ಖುಷಿಯೂ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಎಷ್ಟೋ ದಿನ ಯೋಚನೆ ಮಾಡಿದೆ. ಕಟ್ಟೆಯ ಮೇಲಿಂದ ಆ ಮಾತು ನಾಲ್ಕು ಜನರಿಂದ ಹೊರಟು ಒಬ್ಬಳಿಗೆ ಬಂದು ತಾಗುತ್ತಿತ್ತು. ಹಾಲಿನಲ್ಲಿ ಅದು ಎಲ್ಲರಿಂದ ಹೊರಟು ಯಾರಿಗೂ ತಾಗುವುದಿಲ್ಲ. ಪರದೆ ಮೇಲಿನ ಅಲಮೇಲುವಿಗೆ ನಮ್ಮ ದನಿ ಕೇಳಿಸುವುದಿಲ್ಲವಲ್ಲ. ಕೂಗುವವರ ಕಡೆ ನಿಂತು ನೋಡಿದಾಗ ಆ ಮಾತಿನ ಹಲ್ಲು ಕಿತ್ತಿತ್ತು.

ಹೀಗಂತ ಸಮಾಧಾನ ಮಾಡಿಕೊಂಡೆ. ಪೂರ್ತಿ ಆಗಲಿಲ್ಲ. ಆವತ್ತು ನನ್ನ ಎಡಗಡೆ ಎರಡು ಸೀಟು ಆಚೆ ಒಂದು ಹುಡುಗಿ ಕೂತಿದ್ದಳು. ಹದಿನಾರೋ ಹದಿನೇಳೋ. ಆ ಹೊತ್ತಿಗೆ ಅವಳ ಮುಖ ಹೇಗಿತ್ತು ಅಂತ ನಾನು ನೋಡಲಿಲ್ಲ. ಕೂಗುವವರು ಪಕ್ಕಕ್ಕೆ ನೋಡುವುದಿಲ್ಲ. ರಾಕಿ ಹಾರರ್‌ನಲ್ಲೂ ನಾಯಕಿಯ ಹೆಸರು ಬಂದಾಗಲೆಲ್ಲ ಹಾಲು ಒಂದು ಹೊಲಸು ಬೈಗುಳ ಕೂಗುತ್ತದೆ. ಅದನ್ನು ಓದಿದಾಗ ನನಗೆ ನೆನಪಾದದ್ದು ಲಂಡನ್ನೂ ಅಲ್ಲ, ನ್ಯೂಯಾರ್ಕೂ ಅಲ್ಲ. ಆ ಎರಡು ಸೀಟು.

ಅಮ್ಮ ಬುಲ್‌ಬುಲ್ ಅನ್ನಲಿಲ್ಲ. ಅದೂ ಆಮೇಲೆ ನೆನಪಾಯಿತು. ಟೈಮು ಹೇಳಿಕೊಟ್ಟಳು ಅಷ್ಟೇ. ರಾಮಾಚಾರಿ ಬಂದು ಜಲೀಲನಿಗೆ ಬಾರಿಸತೊಡಗಿದಾಗ ಮಾತ್ರ ಸೀಟಿನಲ್ಲಿ ಮುಂದೆ ಬಗ್ಗಿದಳು. 'ಹಾಕು, ಇನ್ನೊಂದು ಹಾಕು' ಅಂದಳು. ನಮ್ಮ ಸಾಲಿನ ಹೆಂಗಸರೆಲ್ಲ ಏನಾದರೊಂದು ಅನ್ನುತ್ತಲೇ ಇದ್ದರು. ಆ ಹೊಡೆತಕ್ಕೆ ಅಷ್ಟು ಜನ ಕಾದಿದ್ದರು ಅಂತ ಟಿವಿಯಲ್ಲಿ ನೋಡುವಾಗ ನನಗೆ ಗೊತ್ತೇ ಆಗಿರಲಿಲ್ಲ. ಎದ್ದು ನೀರು ಕುಡಿಯಲು ಹೋಗಿರುತ್ತಿದ್ದೆನಲ್ಲ.

ಕೊನೆಯಲ್ಲಿ ಯಾರೂ ಕೂಗಲಿಲ್ಲ. ಬೆಟ್ಟದ ತುದಿಯಲ್ಲಿ ಚಾಮಯ್ಯ ಮೇಷ್ಟ್ರು ರಾಮಾಚಾರಿ ಎದುರು ನಿಂತಾಗ ಕಡ್ಲೆಕಾಯಿ ಸಿಪ್ಪೆಯ ಸದ್ದೂ ಇರಲಿಲ್ಲ. ಮುಂದೇನಾಗುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಆ ಹಿಂದಿನ ಸಾಲಿನ ಹುಡುಗನಿಗೂ. ಬಾಯಿ ತೆರೆಯಲು ಸಂದು ಬೇಕಾದಷ್ಟಿತ್ತು, ಯಾರೂ ತುಂಬಲಿಲ್ಲ.

ಅದಾದ ನಾಲ್ಕು ತಿಂಗಳಿಗೆ ಅಂಬರೀಶ್ ಹೋದರು. ಆ ದಿನ ಟಿವಿಯಲ್ಲಿ ಪದೇ ಪದೇ ಅದೇ ತುಣುಕು ಹಾಕುತ್ತಿದ್ದರು. ನಾನು ಎದ್ದು ಹೋಗಲಿಲ್ಲ.

ಸಿನಿಮಾ ನೋಡಿದ ಆ ಭಾನುವಾರ ಹೊರಗೆ ಬಂದಾಗ ಸಣ್ಣಗೆ ಮಳೆ ಹಿಡಿದಿತ್ತು. ಆಟೊ ಹುಡುಕುತ್ತಾ ನಿಂತಿದ್ದೆವು. ಆ ಹುಡುಗ ಬೈಕು ತಳ್ಳಿಕೊಂಡು ನಮ್ಮ ಹತ್ತಿರ ಬಂದ. ಜೊತೆಗೆ ಅವನ ಇಬ್ಬರು ಗೆಳೆಯರು.

'ಅಜ್ಜೀ, ಈ ಪಿಚ್ಚರ್ ಎಷ್ಟು ಸಲ ನೋಡೀರಿ ನೀವು?'

'ಇಪ್ಪತ್ತು ಸಲ ಥಿಯೇಟ್ರಲ್ಲೇ' ಅಂದಳು ಅಮ್ಮ. ಒಂಚೂರೂ ತಡವರಿಸಲಿಲ್ಲ.

ಹುಡುಗರು ಬಾಯಿ ಬಿಟ್ಟುಕೊಂಡು ಹೋದರು. ಆಟೊ ಸಿಕ್ಕಿತು. ಅಮ್ಮ ಥಿಯೇಟರಿನಲ್ಲಿ ಅದಕ್ಕೂ ಮೊದಲು ಆ ಸಿನಿಮಾ ನೋಡಿದ್ದು ಎರಡೇ ಸಲ. ಒಂದು ಸಲ ಅತ್ತಿಗೆ ಜೊತೆ, ಒಂದು ಸಲ ಅಪ್ಪನ ಜೊತೆ. ಮಿಕ್ಕದ್ದೆಲ್ಲ ಟಿವಿ. ನನಗದು ಚೆನ್ನಾಗಿ ಗೊತ್ತು.

'ಇಪ್ಪತ್ತು ಸಲಾನಾ?' ಅಂದೆ.

'ಸುಮ್ನೆ ಕೂತ್ಕೋ. ಅವನೇನು ಟಿಕೆಟ್ ಕೇಳ್ತಾನಾ' ಅಂದು ಸೆರಗಿನಿಂದ ಕನ್ನಡಕ ಒರೆಸಿಕೊಂಡಳು.